ಅಳತೆ ಬಲ್ಲ ಮಹನೀಯ: ನಮ್ಮ ಜಿಲ್ಲೆಯ ಸರ್ ಎಂ. ವಿಶ್ವೇಶ್ವರಯ್ಯ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಕರುಗಳ ಪಾಲನೆ ಮುಂತಾದ ವಿಷಯಗಳನ್ನು ಓದುತ್ತೀರಿ. ಈ ಸಲ ಒಬ್ಬ ಮನುಷ್ಯರ ಬಾಳನ್ನು ಪಾಠವಾಗಿ ಇಟ್ಟುಕೊಂಡಿದ್ದೇನೆ. ಇದಕ್ಕೆ ಕಾರಣ ನಗರಗೆರೆ ಹೋಬಳಿಯ ಒಂದು ಸಂಘದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಕೇಳಿದ ಪ್ರಶ್ನೆ. ಬೇಸಿಗೆಯಲ್ಲಿ ಹಸುಗಳಿಗೆ ಎಷ್ಟು ನೀರು ಕೊಡಬೇಕು ಎಂದು ನಾನು ವಿವರಿಸುತ್ತಿದ್ದೆ. ಅವರು ಎದ್ದು ನಿಂತು, "ಡಾಕ್ಟ್ರೇ, ವಿಶ್ವೇಶ್ವರಯ್ಯನೋರು ನಮ್ಮ ಜಿಲ್ಲೆಯೋರೇ ಅಲ್ವಾ? ಮಂಡ್ಯಕ್ಕೆ ನೀರು ಕೊಟ್ಟರು. ನಮಗ್ಯಾಕೆ ಕೊಡಲಿಲ್ಲ?" ಎಂದರು. ಸಭೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ದಿನ ಸರಿಯಾದ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಈ ಲೇಖನ ಆ ಹಿರಿಯರಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಮುದ್ದೇನಹಳ್ಳಿಯ ಹುಡುಗ

ನಂದಿ ಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರು ಹುಟ್ಟಿದರು. ಇಂದಿಗೂ ಆ ದಿನವನ್ನು ದೇಶವು ಇಂಜಿನಿಯರ್‌ಗಳ ದಿನವಾಗಿ ಆಚರಿಸುತ್ತದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಪೂರ್ವಿಕರ ಊರು ಆಂಧ್ರದ ಮೋಕ್ಷಗುಂಡಂ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಗಡಿಯಂಚಿನ ನಮ್ಮ ಹೋಬಳಿಯ ಎಷ್ಟೋ ಮನೆಗಳ ಪರಿಸ್ಥಿತಿ ಇಂದಿಗೂ ಹೀಗೆಯೇ ಇದೆ. ಮನೆಮಾತು ತೆಲುಗಾಗಿದ್ದ ಇವರೇ ಮುಂದೆ ದಿವಾನರಾಗಿದ್ದಾಗ, 1915ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಗಲು ಬೆಂಬಲ ಕೊಟ್ಟರು ಎಂಬುದನ್ನು ನಾವು ಮರೆಯಬಾರದು.

ಅವರು ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ಶಿಕ್ಷಣ ಮುಗಿಸಿ, ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯದಲ್ಲಿ ಓದಿದರು. ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ನಿಭಾಯಿಸಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆದರು.

ತಾನೇ ತೆರೆಯುವ ಬಾಗಿಲು

ಕೆರೆ ಕೋಡಿ ಬೀಳುವಾಗ ನೀರು ವ್ಯರ್ಥವಾಗಿ ಹೋಗುತ್ತದಲ್ಲ ಎಂದು ಕೋಡಿಯ ಮೇಲೆ ಮಣ್ಣಿನ ಚೀಲ ಪೇರಿಸುವವರನ್ನು ನೀವು ನೋಡಿದ್ದೀರಿ. ಹಾಗೆ ಮಾಡಿದರೆ ಎರಡು ಅಡಿ ನೀರು ಹೆಚ್ಚು ನಿಲ್ಲುತ್ತದೆ, ನಿಜ. ಆದರೆ ರಾತ್ರಿ ದೊಡ್ಡ ಮಳೆ ಬಂದರೆ ಕಟ್ಟೆಯೇ ಒಡೆದು ಹೋಗುತ್ತದೆ. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ವಿಶ್ವೇಶ್ವರಯ್ಯನವರ ಮುಂದಿದ್ದ ಸಮಸ್ಯೆಯೂ ಇದೇ: ಕಟ್ಟೆಗೆ ಅಪಾಯವಾಗದಂತೆ ಹೆಚ್ಚು ನೀರು ನಿಲ್ಲಿಸುವುದು ಹೇಗೆ?

ಅವರು ಕೋಡಿಯ ಮೇಲೆ ಕೂರಿಸುವ ಸ್ವಯಂಚಾಲಿತ ಬಾಗಿಲನ್ನು ರೂಪಿಸಿದರು. ನೀರು ನಿಗದಿಯಾದ ಮಟ್ಟದವರೆಗೆ ಏರುವ ತನಕ ಬಾಗಿಲು ಮುಚ್ಚಿರುತ್ತದೆ. ಮಟ್ಟ ಮೀರಿದರೆ ನೀರಿನ ಬಲದಿಂದಲೇ ತೆರೆದು ಹೆಚ್ಚಿನ ನೀರನ್ನು ಬಿಡುತ್ತದೆ. ಮಟ್ಟ ಇಳಿದಾಗ ಮತ್ತೆ ತಾನೇ ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ಯಾರೂ ಓಡಿ ಹೋಗಿ ತೆರೆಯಬೇಕಾಗಿಲ್ಲ. 1903ರಲ್ಲಿ ಖಡಕ್‌ವಾಸ್ಲಾದಲ್ಲಿ ಇವನ್ನು ಅಳವಡಿಸಿದಾಗ ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಲು ಸಾಧ್ಯವಾಯಿತು. ಮುಂದೆ ಕೃಷ್ಣರಾಜಸಾಗರದಲ್ಲಿಯೂ ಇಂಥ ಬಾಗಿಲುಗಳು ಬಂದವು. ಈ ಶೋಧನೆಗೆ ಅವರು ಪೇಟೆಂಟ್ ಪಡೆದರು. ಆದರೆ ತಾನು ಸರ್ಕಾರಿ ನೌಕರ, ಸಂಬಳ ಪಡೆದು ಮಾಡಿದ ಕೆಲಸಕ್ಕೆ ಬೇರೆ ಹಣ ಬೇಡ ಎಂದು ರಾಜಧನವನ್ನು ನಿರಾಕರಿಸಿದರು. ಮಿಂಚು ನಿರೋಧಕ ಕಂಬಿಯನ್ನು ಕಂಡುಹಿಡಿದ ಅಮೆರಿಕದ ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ (1706–1790) ಕೂಡ ತನ್ನ ಒಲೆಗೆ ಪೇಟೆಂಟ್ ಬೇಡ ಎಂದವರು. ಶೋಧಕರೂ ಆಡಳಿತಗಾರರೂ ಆದವರು ಎಲ್ಲ ದೇಶದಲ್ಲೂ ವಿರಳ. ಅಂಥವರಲ್ಲಿ ಒಬ್ಬರು ನಮ್ಮ ನೆರೆಯೂರಿನವರು.

ಸರದಿಯ ನೀರು

ದಖ್ಖನ್ ನಾಲೆಗಳ ಪ್ರದೇಶದಲ್ಲಿ ಆಗ ಕೇಳಿದವರಿಗೆ ಕೇಳಿದಲ್ಲೆಲ್ಲಾ ನೀರು ಹರಿಯುತ್ತಿತ್ತು. ಮೇಲಿನವನ ಹೊಲದಲ್ಲಿ ನೀರು ನಿಂತು ಭೂಮಿ ಕೆಡುತ್ತಿತ್ತು, ಕೆಳಗಿನವನಿಗೆ ನೀರೇ ತಲುಪುತ್ತಿರಲಿಲ್ಲ. ವಿಶ್ವೇಶ್ವರಯ್ಯನವರು 1899ರ ಹೊತ್ತಿಗೆ ಇದಕ್ಕೆ 'ಬ್ಲಾಕ್' ಪದ್ಧತಿಯನ್ನು ಸೂಚಿಸಿದರು. ನೀರಾವರಿ ಭೂಮಿಯನ್ನು ಗೊತ್ತುಮಾಡಿದ ಪಾತಿಗಳಾಗಿ ಒಟ್ಟುಗೂಡಿಸುವುದು, ಒಂದು ಭಾಗದಲ್ಲಿ ಕಬ್ಬಿನಂಥ ಹೆಚ್ಚು ನೀರಿನ ಬೆಳೆ, ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆ, ಇವನ್ನು ಸರದಿಯಲ್ಲಿ ಬದಲಿಸುವುದು. ಇದ್ದ ನೀರಿನಲ್ಲೇ ಹೆಚ್ಚು ರೈತರಿಗೆ ಪಾಲು ಸಿಗುವುದು ಇದರ ಉದ್ದೇಶ. ಈ ಪದ್ಧತಿಯಲ್ಲಿ ಹೊಸ ಯಂತ್ರವೇನೂ ಇಲ್ಲ. ಹಂಚುವ ಕ್ರಮವೊಂದೇ ಹೊಸದು. ಈ ಮಾತನ್ನು ನೆನಪಿಡಿ, ಮುಂದೆ ಮೇವಿನ ವಿಚಾರದಲ್ಲಿ ಬೇಕಾಗುತ್ತದೆ.

ದಿವಾನರಾಗಿ ಆರು ವರ್ಷ

1908ರ ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿನ ರಕ್ಷಣೆಗೆ ಯೋಜನೆ ಮಾಡಿಕೊಟ್ಟ ಅವರು, 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ ಬಂದರು. ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. ಸುಣ್ಣ ಮತ್ತು ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಕಟ್ಟಿದ ಕಟ್ಟೆ ಅದು. ಅದು ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ವರ್ಷವಿಡೀ ನೀರು ಒದಗಿಸಿತು. ಆ ವಿದ್ಯುತ್ತು 1902ರಿಂದಲೇ ಕೋಲಾರದ ಚಿನ್ನದ ಗಣಿಗೆ ಬರುತ್ತಿತ್ತು. ಅಂದರೆ ಕಾವೇರಿಯ ಫಲ ನಮ್ಮ ಅವಿಭಜಿತ ಕೋಲಾರ ಜಿಲ್ಲೆಗೆ ನೀರಾಗಿ ಬರದಿದ್ದರೂ ವಿದ್ಯುತ್ತಾಗಿ ಬಂದಿದೆ.

1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕ್, ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಗಂಧದೆಣ್ಣೆ ಮತ್ತು ಸಾಬೂನು ಕಾರ್ಖಾನೆಗಳು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆ ಇವೆಲ್ಲ ಆ ಕಾಲದವು. ರೇಷ್ಮೆ ಕಸುಬಿನ ಸುಧಾರಣೆಗೆ ಇಟಲಿಯಿಂದ ತಜ್ಞರನ್ನು ಕರೆಸಿದರು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಸದಸ್ಯರು ಹಾಲಿನ ಜೊತೆಗೆ ಗೂಡು ಮಾರುವಾಗ ಇದನ್ನು ನೆನೆಯಬಹುದು.

ಸರ್ಕಾರಿ ಕೆಲಸಕ್ಕೆ ಒಂದು ಮೇಣದ ಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು ಎಂಬ ಕಥೆಯನ್ನು ಎಲ್ಲರೂ ಕೇಳಿದ್ದೀರಿ. ಆ ಕಥೆ ಹಾಗೇ ನಡೆದಿರಲಿ, ಬಿಡಲಿ, ಜನರು ಯಾರ ಬಗ್ಗೆ ಅಂಥ ಕಥೆ ಹೇಳುತ್ತಾರೆ ಎಂಬುದು ಮುಖ್ಯ. ಕೈ ಶುದ್ಧವಿಲ್ಲದವರ ಬಗ್ಗೆ ಯಾರೂ ಹೇಳುವುದಿಲ್ಲ.

ಒಪ್ಪದ ಮಾತು

ಹಿರಿಯರ ಬಾಳನ್ನು ಪಾಠವಾಗಿ ಓದುವಾಗ ಒಂದು ಪುಟವನ್ನು ಹರಿದು ಹಾಕಿ ಓದಬಾರದು. 1918ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು, ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗದವರಿಗೆ ಪಾಲು ಕೊಡುವ ಬಗ್ಗೆ ವಿಚಾರಿಸಲು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಹುದ್ದೆಗೆ ಅರ್ಹತೆಯೊಂದೇ ಅಳತೆಯಾಗಬೇಕು ಎಂದು ವಿಶ್ವೇಶ್ವರಯ್ಯನವರು ನಂಬಿದ್ದರು. ಈ ಭಿನ್ನಾಭಿಪ್ರಾಯದ ನಡುವೆ ಆ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಮೈಸೂರು ಮಹಾರಾಜರ ದಾರಿಯಲ್ಲಿ ನಡೆಯಿತು. ಓದಿಗೆ ಅವಕಾಶವೇ ಇಲ್ಲದವನ ಅರ್ಹತೆಯನ್ನು ಅಳೆಯುವುದು, ಮೇವು ಹಾಕದ ಹಸುವಿನ ಹಾಲನ್ನು ಅಳೆದಂತೆ ಎಂಬುದು ನನ್ನ ಅಭಿಪ್ರಾಯ. ಇಂದು ನಮ್ಮ ಸಂಘದಲ್ಲಿ ಎಲ್ಲ ಜಾತಿಯವರ ಹಾಲು ಒಂದೇ ಕ್ಯಾನಿಗೆ ಬೀಳುತ್ತದೆ, ಪ್ರತಿ ಸದಸ್ಯನಿಗೂ ಒಂದೇ ಮತ. ಈ ಸಮಾನತೆ ತಾನಾಗಿ ಬಂದದ್ದಲ್ಲ. ವಿಶ್ವೇಶ್ವರಯ್ಯನವರನ್ನು ಗೌರವಿಸೋಣ, ಈ ಒಂದು ಮಾತಿನಲ್ಲಿ ಅವರಿಗಿಂತ ಬೇರೆ ನಿಲ್ಲೋಣ. ಮನಸ್ಸಿಗೆ ಒಪ್ಪದಾಗ ಅಧಿಕಾರಕ್ಕೆ ಅಂಟಿಕೊಳ್ಳದೆ ಹೊರಬಂದ ಅವರ ನಡತೆಯನ್ನಂತೂ ಮೆಚ್ಚಲೇಬೇಕು.

ಮುಂದೆಯೂ ಅವರು ಸುಮ್ಮನೆ ಕೂರಲಿಲ್ಲ. ಭದ್ರಾವತಿ ಕಾರ್ಖಾನೆಯ ಮಂಡಳಿಯನ್ನು ನಡೆಸಿದರು, 1934ರಲ್ಲಿ ಭಾರತದ ಯೋಜಿತ ಅರ್ಥವ್ಯವಸ್ಥೆಯ ಬಗ್ಗೆ ಪುಸ್ತಕ ಬರೆದರು. 1955ರಲ್ಲಿ ಭಾರತರತ್ನ ಬಂದಿತು. ನೂರು ವರ್ಷ ದಾಟಿ ಬಾಳಿ 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

ನಮ್ಮ ಕೊಟ್ಟಿಗೆಗೆ ಮೂರು ಪಾಠ

1. ಬರೆದಿಡುವುದು. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಸೀಮೆ ಹಸುವೊಂದು ಬೆದೆಗೆ ಬಂದಿದೆ ಎಂದು ನನ್ನನ್ನು ಕರೆದರು. ಹಿಂದೆ ಯಾವಾಗ ಗರ್ಭಧಾರಣೆ ಮಾಡಿಸಿದಿರಿ ಎಂದು ಕೇಳಿದೆ. "ಯುಗಾದಿ ಆಸುಪಾಸು, ನಿಂತಿಲ್ಲ ಸಾರ್" ಎಂದರು. ಸಂಜೆಯಾಗಿತ್ತು, ಇನ್ನೂ ಎರಡು ಕರೆ ಬಾಕಿ ಇತ್ತು. ಕೈಹಾಕಿ ಪರೀಕ್ಷಿಸದೆ ಕೃತಕ ಗರ್ಭಧಾರಣೆ ಮಾಡಿದೆ. ಹಸು ಗಬ್ಬವಾಗಿತ್ತು. ಕೆಲವು ದಿನಗಳಲ್ಲಿ ಕಂದು ಹಾಕಿತು. ಗಬ್ಬದ ಹಸುಗಳಲ್ಲೂ ಕೆಲವು ಬೆದೆಯ ಲಕ್ಷಣ ತೋರಿಸುತ್ತವೆ ಎಂದು ಓದಿದವನು ನಾನು. ತಪ್ಪು ನನ್ನದು. ಆ ಮನೆಯ ತಾಯಿ ನನ್ನನ್ನು ಬೈಯಲಿಲ್ಲ, ಕಾಫಿ ಕೊಟ್ಟರು. ಅದು ಇಂದಿಗೂ ಚುಚ್ಚುತ್ತದೆ. ಅಂದಿನಿಂದ ಪರೀಕ್ಷಿಸದೆ ನಾನು ಗರ್ಭಧಾರಣೆ ಮಾಡಿಲ್ಲ. ನೀವೂ ಗೋಡೆಯ ಕ್ಯಾಲೆಂಡರಿನಲ್ಲಾದರೂ ತಾರೀಖು ಗುರುತಿಸಿ: ಗರ್ಭಧಾರಣೆಯ ದಿನ, 21ನೇ ದಿನ ಬೆದೆಯ ಗಮನ, ಮೂರು ತಿಂಗಳಿಗೆ ಗಬ್ಬದ ಪರೀಕ್ಷೆ, ಕರು ಹಾಕುವ ಎರಡು ತಿಂಗಳ ಮುಂಚೆ ಹಾಲು ಬತ್ತಿಸುವ ದಿನ, ಸುಮಾರು 280ನೇ ದಿನ ಕರು.

2. ಸರದಿಯ ಮೇವು. ಹತ್ತು ಗುಂಟೆಯಲ್ಲಿ ಹೈಬ್ರಿಡ್ ನೇಪಿಯರ್ ಹಾಕಿದವರು ಒಂದೇ ಸಲ ಕೊಯ್ದು ಮುಗಿಸುತ್ತಾರೆ, ಆಮೇಲೆ ತಿಂಗಳು ಹುಲ್ಲಿಲ್ಲ. ಉಳಿದದ್ದು ಬಲಿತು ಕಡ್ಡಿಯಾಗುತ್ತದೆ. ಬ್ಲಾಕ್ ಪದ್ಧತಿಯನ್ನು ಇಲ್ಲಿ ತನ್ನಿ. ಹತ್ತು ಗುಂಟೆಯನ್ನು ಆರು ಸಮ ಪಾತಿ ಮಾಡಿ. ನೆಟ್ಟ ಸುಮಾರು 75 ದಿನಕ್ಕೆ ಮೊದಲ ಕೊಯ್ಲು. ನಂತರ ವಾರಕ್ಕೆ ಒಂದು ಪಾತಿ. ಆರನೆಯದು ಮುಗಿದಾಗ 42 ದಿನ ಆಗಿರುತ್ತದೆ, ಮೊದಲನೆಯದು ಮತ್ತೆ ಎಳೆಯದಾಗಿ ಸಿದ್ಧವಿರುತ್ತದೆ. ಕೊಯ್ದ ಪಾತಿಗೆ ಆ ವಾರವೇ ಗೊಬ್ಬರ, ನೀರು ಕೊಡಿ. ನೀರು ಗೊಬ್ಬರ ಸರಿಯಾಗಿದ್ದರೆ ಎರಡು ಹಸುಗಳಿಗೆ ಹಸಿರು ಮೇವಿನ ಚಿಂತೆ ಇರುವುದಿಲ್ಲ.

3. ಚಾವಣಿಯ ನೀರು. ನಮ್ಮಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ನಿಮ್ಮ ಕೊಟ್ಟಿಗೆಯ ಶೀಟು 20 ಅಡಿ ಉದ್ದ, 15 ಅಡಿ ಅಗಲ ಎಂದುಕೊಳ್ಳಿ. ಅಂದರೆ 28 ಚದರ ಮೀಟರ್. ಇದರ ಮೇಲೆ ವರ್ಷದಲ್ಲಿ ಬೀಳುವ ನೀರು 19,600 ಲೀಟರ್. ಐದನೇ ಒಂದು ಭಾಗ ಹಾಳಾದರೂ 15,000 ಲೀಟರಿಗೆ ಮೋಸವಿಲ್ಲ. ಹಾಲು ಕೊಡುವ ಹಸು ದಿನಕ್ಕೆ 60 ಲೀಟರ್ ಕುಡಿದರೆ, ಒಂದು ಹಸುವಿಗೆ 250 ದಿನದ ನೀರು! ಅಷ್ಟನ್ನೂ ತುಂಬಿಡಲು ತೊಟ್ಟಿ ಎಲ್ಲಿ ಎಂದು ಕೇಳುತ್ತೀರಿ. ಮೂರು ನಾಲ್ಕು ಸಾವಿರ ಲೀಟರಿನ ತೊಟ್ಟಿ ಮಳೆಗಾಲದಲ್ಲಿ ಮತ್ತೆ ಮತ್ತೆ ತುಂಬುತ್ತದೆ. ಮಿಕ್ಕದ್ದನ್ನು ಜಲ್ಲಿ, ಮರಳು ತುಂಬಿದ ಇಂಗುಗುಂಡಿಗೆ ಬಿಡಿ. ಮೊದಲ ಮಳೆಯ ಕೊಳೆ ನೀರನ್ನು ಮಾತ್ರ ಹೊರಗೆ ಹಾಕಿ.

ಹಿರಿಯರ ಪ್ರಶ್ನೆಗೆ ಉತ್ತರ

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ ಇವೆಲ್ಲ ನಂದಿ ಬೆಟ್ಟದ ಸಾಲಿನ ಸುತ್ತಮುತ್ತ ಹುಟ್ಟುತ್ತವೆ. ಹುಟ್ಟಿದ ಕಡೆ ಅವು ಹಳ್ಳ, ದೂರ ಹೋದ ಮೇಲೆ ನದಿ. ಕಾವೇರಿಯಂಥ ಹರಿವು ಇಲ್ಲದಲ್ಲಿ ಕೃಷ್ಣರಾಜಸಾಗರ ಕಟ್ಟಲು ಯಾವ ಇಂಜಿನಿಯರ್‌ನಿಂದಲೂ ಆಗದು. ಅದಕ್ಕೇ ನಮ್ಮ ಪೂರ್ವಿಕರು ಇಲ್ಲಿ ಕೆರೆಗಳ ಸರಪಳಿ ಕಟ್ಟಿದರು. ಅದನ್ನು ನಾವು ಹೂಳಿಗೆ, ಒತ್ತುವರಿಗೆ ಬಿಟ್ಟೆವು. ಸಾವಿರ ಅಡಿ ಕೊಳವೆ ಬಾವಿ ಕೊರೆಸಿದೆವು. ಈಗ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆಲವು ಕೆರೆಗಳಿಗೆ ಬರುತ್ತಿದೆ. ಅದು ನೆರವು, ಆದರೆ ಅದೊಂದೇ ಸಾಲದು.

ಆದ್ದರಿಂದ ಅಣ್ಣಾ, ಅವರು ನಮಗೆ ನೀರು ಕೊಡಲಿಲ್ಲ ಎಂಬುದು ನಿಜ. ಇದ್ದ ನೀರನ್ನು ಅಳೆಯುವುದನ್ನು, ವ್ಯರ್ಥವಾಗುವುದನ್ನು ತಡೆಯುವುದನ್ನು, ಸರದಿಯಲ್ಲಿ ಹಂಚುವುದನ್ನು ಮಾಡಿ ತೋರಿಸಿದರು. ಅವರ ಮನೆಗೂ ನಿಮ್ಮ ಮನೆಗೂ ಬೀಳುವುದು ಅದೇ 700 ಮಿ.ಮೀ. ಮಳೆ. ಮುಂದಿನ ಸಭೆಗೆ ಬರುವಾಗ ನಿಮ್ಮ ಕೊಟ್ಟಿಗೆಯ ಉದ್ದ ಅಗಲ ಅಳೆದುಕೊಂಡು ಬನ್ನಿ. ಲೆಕ್ಕ ನಾನು ಹಾಕಿಕೊಡುತ್ತೇನೆ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಎಷ್ಟು ಸದಸ್ಯರು ಗರ್ಭಧಾರಣೆಯ ತಾರೀಖು ಬರೆದಿಡುತ್ತಾರೆ?
2. ಸಂಘದ ಕಟ್ಟಡದ ಚಾವಣಿಯ ನೀರು ಈಗ ಎಲ್ಲಿಗೆ ಹೋಗುತ್ತಿದೆ?
3. ಊರ ಕೆರೆಯ ಕೋಡಿ ಮತ್ತು ತೂಬು ಯಾವ ಸ್ಥಿತಿಯಲ್ಲಿವೆ? ಕೊನೆಯ ಬಾರಿ ನೋಡಿದವರು ಯಾರು?