ಮನೆಯ ಪರಿಚಿತ ಸಲಕರಣೆಗಳೂ ಹಿರಿಯರ ಆರೈಕೆಯೂ

ಉದ್ಯೋಗದ ನಿಮಿತ್ತ ಪುಣೆಗೆ ಬಂದು ನೆಲೆಸಿರುವ ಕನ್ನಡಿಗರ ಕುಟುಂಬಗಳಲ್ಲಿ ವೃದ್ಧ ತಾಯಿತಂದೆಗಳ ಸ್ಥಿತಿ ಸಾಮಾನ್ಯವಾಗಿ ಎರಡು ಬಗೆಯದು. ಕೆಲವರ ಹಿರಿಯರು ಮಕ್ಕಳೊಡನೆ ಇಲ್ಲಿಯೇ ಇರುತ್ತಾರೆ. ಆದರೆ ಮಗನೂ ಸೊಸೆಯೂ ಹಿಂಜವಡಿಗೋ ಚಿಂಚವಡಕ್ಕೋ ಕೆಲಸಕ್ಕೆ ಹೊರಟಮೇಲೆ ಸಂಜೆಯವರೆಗೆ ಅವರಿಗೆ ಜೊತೆಯಿರುವುದು ಮನೆಯ ನಾಲ್ಕು ಗೋಡೆಗಳು ಮಾತ್ರ. ನೆರೆಯವರು ಆಡುವ ಮರಾಠಿಯೂ ಎಷ್ಟೋ ಜನರಿಗೆ ಬಾರದು. ಇನ್ನು ಕೆಲವರ ಹಿರಿಯರು ಧಾರವಾಡ, ವಿಜಯಪುರ, ಕಲಬುರಗಿ, ಉಡುಪಿಗಳಲ್ಲಿ ತಾವು ಬಾಳಿದ ಮನೆಯನ್ನು ಬಿಟ್ಟು ಬರಲೊಪ್ಪದೆ ಅಲ್ಲಿಯೇ ಉಳಿದಿರುತ್ತಾರೆ. ಮಕ್ಕಳ ಚಿಂತೆ ಎರಡು ಕಡೆಯಲ್ಲಿಯೂ ಒಂದೇ: ನಾವು ಬಳಿಯಲ್ಲಿಲ್ಲದ ವೇಳೆಯಲ್ಲಿ ಅವರ ಗತಿಯೇನು?

ಇದು ಕೆಲವೇ ಮನೆಗಳ ಪ್ರಶ್ನೆಯಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ. 2020ರ ಮಾರ್ಚಿಯಲ್ಲಿ ದೇಶವೆಲ್ಲ ಸ್ತಬ್ಧವಾಗಿ ರೈಲುಗಳು ನಿಂತಾಗ, ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕವು ಕೆಲಕಾಲ ಪ್ರವೇಶವನ್ನು ನಿರ್ಬಂಧಿಸಿದಾಗ, ಪುಣೆಗೂ ಬೆಳಗಾವಿಗೂ ನಡುವಿನ ಒಂದು ಹಗಲಿನ ದಾರಿ ದಾಟಲಾಗದ ಸಮುದ್ರವೇ ಆಯಿತು. ಆ ದಿನಗಳಲ್ಲಿ ಎಷ್ಟೋ ಕುಟುಂಬಗಳಿಗೆ ಮನೆಯಲ್ಲಿದ್ದ ಮೊಬೈಲು ಫೋನೊಂದೇ ಆಧಾರವಾಯಿತು. ಮನೆಯಲ್ಲಿ ಮೊದಲೇ ಇರುವ ಇಂಥ ಸಾಮಾನ್ಯ ಸಲಕರಣೆಗಳನ್ನು ಹಿರಿಯರ ಸುರಕ್ಷತೆಗೂ ಆರೋಗ್ಯಕ್ಕೂ ಹೇಗೆ ಬಳಸಿಕೊಳ್ಳಬಹುದೆಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಹೊಸದಕ್ಕಿಂತ ಪರಿಚಿತವಾದುದು ಲೇಸು

ಮೊದಲು ಒಂದು ಮೂಲತತ್ತ್ವವನ್ನು ತಿಳಿದುಕೊಳ್ಳುವುದು ಒಳಿತು. ವಯಸ್ಸಾದಂತೆ ಹೊಸ ಸಂಗತಿಯನ್ನು ಕಲಿಯುವ ವೇಗ ತಗ್ಗುತ್ತದೆ. ಆದರೆ ಹಲವು ವರ್ಷ ಕೈಯಾರೆ ಮಾಡಿ ರೂಢಿಯಾದ ಕೆಲಸದ ನೆನಪು ಬಹುಕಾಲ ಅಳಿಯದೆ ಉಳಿಯುತ್ತದೆ. ರೇಡಿಯೋದ ಗುಂಡಿ ತಿರುಗಿಸುವುದು, ಗಡಿಯಾರಕ್ಕೆ ಗಂಟೆ ಇಡುವುದು, ಫೋನೆತ್ತಿ ಮಾತಾಡುವುದು ಇವೆಲ್ಲ ಈ ಬಗೆಯ ನೆನಪುಗಳು. ಆದಕಾರಣ ದುಬಾರಿಯಾದ ಹೊಸ ಯಂತ್ರವನ್ನು ತಂದು ಮುಂದಿಡುವುದಕ್ಕಿಂತ ಅವರ ಕೈಗೆ ಒಗ್ಗಿದ ವಸ್ತುವಿಗೇ ಒಂದು ಹೊಸ ಉಪಯೋಗವನ್ನು ಜೋಡಿಸುವುದು ಜಾಣತನ. ಹೊಸದನ್ನು ಕಲಿಸಲೇಬೇಕಾದರೆ ಒಂದು ಸಲಕ್ಕೆ ಒಂದೇ ಕೆಲಸವನ್ನು ಕಲಿಸಿ, ಅವರಿಂದಲೇ ನಾಲ್ಕಾರು ದಿನ ಮಾಡಿಸಿ, ಹೆಜ್ಜೆಗಳನ್ನು ದಪ್ಪಕ್ಷರದ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಅವರ ಕೈಯಿಂದ ಫೋನು ಕಿತ್ತುಕೊಂಡು ನಾವೇ ಮಾಡಿ ತೋರಿಸಿದರೆ ಅದು ಕಲಿಸಿದಂತಾಗುವುದಿಲ್ಲ.

ಬೆಳಕು

ವೃದ್ಧರ ಬೀಳುವಿಕೆ ಸಣ್ಣ ಸಂಗತಿಯಲ್ಲ. ಮೂಳೆಗಳು ಸವೆದಿರುವ ಪ್ರಾಯದಲ್ಲಿ ತೊಡೆಯ ಎಲುಬು ಮುರಿದರೆ ಹಾಸಿಗೆ ಹಿಡಿಯುವ ಸಂಭವವುಂಟು. ಅರುವತ್ತು ವರ್ಷದವರ ಕಣ್ಣಿನ ಒಳಪದರವನ್ನು ತಲುಪುವ ಬೆಳಕು ಇಪ್ಪತ್ತರ ತರುಣನ ಕಣ್ಣಿಗೆ ದೊರೆಯುವ ಬೆಳಕಿನ ಮೂರರಲ್ಲೊಂದು ಪಾಲು ಮಾತ್ರ. ನಮಗೆ ಸಾಕೆನಿಸಿದ ದೀಪ ಅವರಿಗೆ ಮಬ್ಬುಗತ್ತಲೆ. ಹಾಸಿಗೆಯಿಂದ ಬಚ್ಚಲುಮನೆಯವರೆಗಿನ ದಾರಿಯಲ್ಲಿ ಒಂದೆರಡು ಸಣ್ಣ ರಾತ್ರಿದೀಪಗಳನ್ನು ಹಾಕಿರಿ. ಜನರ ಚಲನೆಯನ್ನು ಗ್ರಹಿಸಿ ತಾನಾಗಿಯೇ ಹೊತ್ತಿಕೊಳ್ಳುವ ಎಲ್‌ಇಡಿ ದೀಪಗಳೂ ಈಗ ಅಗ್ಗವಾಗಿ ದೊರೆಯುತ್ತವೆ. ಮಲಗಿದಲ್ಲಿಂದಲೇ ಕೈಗೆಟುಕುವಂತೆ ಒಂದು ಸ್ವಿಚ್ಚು, ತಲೆದಿಂಬಿನ ಬಳಿ ಒಂದು ಟಾರ್ಚು ಇರಲಿ. ಹೊಸ್ತಿಲಿಗೂ ಮೆಟ್ಟಿಲಿನ ಅಂಚಿಗೂ ನೆಲಕ್ಕಿಂತ ಬೇರೆಯಾದ ಬಣ್ಣದ ಪಟ್ಟಿಯನ್ನು ಅಂಟಿಸಿದರೆ ಎತ್ತರ ತಗ್ಗುಗಳು ಕಣ್ಣಿಗೆ ಸ್ಪಷ್ಟವಾಗುತ್ತವೆ.

ದೂರವಾಣಿ

ಮುಪ್ಪಿನ ಕಿವುಡುತನದಲ್ಲಿ ಮೊದಲು ಕ್ಷೀಣಿಸುವುದು ಕೀಚು ದನಿಯ ಗ್ರಹಿಕೆ. ಸ್ವರಗಳು ಕೇಳಿಸುತ್ತವೆ, ಸಕಾರ ಶಕಾರಗಳಂಥ ವ್ಯಂಜನಗಳು ತಪ್ಪಿಹೋಗುತ್ತವೆ. ಆದುದರಿಂದಲೇ ಅವರಿಗೆ ದನಿ ಕೇಳಿಸಿದರೂ ಮಾತು ತಿಳಿಯುವುದಿಲ್ಲ. ಇದನ್ನರಿಯದೆ ನಾವು ಅರಚಿದರೆ ಪ್ರಯೋಜನವಿಲ್ಲ. ದನಿಯನ್ನು ತಗ್ಗಿಸಿ, ನಿಧಾನವಾಗಿ, ಬಿಡಿಬಿಡಿಯಾಗಿ ಮಾತನಾಡಬೇಕು. ಫೋನಿನ ಕರೆಗಂಟೆಯನ್ನೂ ಮನೆಬಾಗಿಲಿನ ಗಂಟೆಯನ್ನೂ ಇದೇ ಕಾರಣದಿಂದ ಭಾರವಾದ ಕೆಳದನಿಗೆ ಬದಲಾಯಿಸಿರಿ. ಮುಖ ಕಾಣುವ ವಿಡಿಯೋ ಕರೆಯಲ್ಲಿ ತುಟಿಯ ಚಲನೆಯ ನೆರವೂ ಸಿಗುವುದರಿಂದ ಮಾತು ಹೆಚ್ಚು ತಿಳಿಯುತ್ತದೆ. ಅಕ್ಷರ ಬಾರದ ತಾಯಿಗೆ ವಾಟ್ಸ್ಯಾಪಿನ ಧ್ವನಿಸಂದೇಶವು ಮತ್ತೆ ಮತ್ತೆ ಕೇಳಬಹುದಾದ ಕಾಗದವಿದ್ದಂತೆ.

ಎಲ್ಲಕ್ಕಿಂತ ಮುಖ್ಯವಾದುದು ನಿಯತವಾದ ವೇಳೆ. ಪ್ರತಿದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಊರಿನಿಂದ ಒಂದು ‘ಮಿಸ್ಡ್ ಕಾಲ್’ ಬರಬೇಕೆಂದು ಗೊತ್ತುಮಾಡಿಕೊಂಡರೆ ಅದೊಂದು ಕ್ಷೇಮವಾರ್ತೆ. ಅದು ಬಾರದಿರುವುದೇ ಒಂದು ಎಚ್ಚರಿಕೆ. ಗೊತ್ತಾದ ವೇಳೆಯಿಂದ ಅರ್ಧ ಗಂಟೆ ಕಳೆದರೆ ನಾವೇ ಕರೆಯಬೇಕು; ಉತ್ತರವಿಲ್ಲದಿದ್ದರೆ ಮನೆಯ ಇನ್ನೊಂದು ಬೀಗದ ಕೈಯನ್ನು ಇಟ್ಟುಕೊಂಡ ನೆರೆಯವರಿಗೆ ತಿಳಿಸಬೇಕು. ಈ ಮೂರನೆಯ ವ್ಯಕ್ತಿಯಿಲ್ಲದೆ ಎಂಥ ಯಂತ್ರವೂ ನಿಷ್ಫಲ. ಪುಣೆಯಲ್ಲಿ ಕುಳಿತ ನಮಗೆ ತಾಯಿ ಬಿದ್ದಿದ್ದಾಳೆಂದು ಫೋನು ತಿಳಿಸಬಲ್ಲದೇ ಹೊರತು ಅವಳನ್ನು ಎತ್ತಿ ಕೂರಿಸಲಾರದು.

ಬಚ್ಚಲುಮನೆ ಮತ್ತು ಅಡುಗೆಮನೆ

ಅರುವತ್ತು ಡಿಗ್ರಿ ಸೆಲ್ಸಿಯಸ್ ಶಾಖದ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ವೃದ್ಧರ ತೆಳುಚರ್ಮ ಇನ್ನೂ ಬೇಗ ಸುಡುತ್ತದೆ. ಮಧುಮೇಹದಿಂದ ಕಾಲು ಜೋಮುಗಟ್ಟಿದವರಿಗೆ ಸುಟ್ಟದ್ದೂ ತಿಳಿಯದು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ಪದ್ಧತಿಯನ್ನು ಮಾಡಿಕೊಳ್ಳಬೇಕು. ಅನಿಲದ ಗೀಸರನ್ನು ಮುಚ್ಚಿದ ಬಚ್ಚಲಿನೊಳಗೆ ಎಂದೂ ಇಡಬಾರದು; ಅದರಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮೈಮರೆವು ಬರುವವರೆಗೂ ಅದರ ಸುಳಿವು ಹತ್ತದು. ವಿದ್ಯುತ್ ಗೀಸರಿರುವ ಮನೆಯಲ್ಲಿ ವಿದ್ಯುತ್ ಸೋರಿದೊಡನೆ ಪ್ರವಾಹವನ್ನು ಕಡಿಯುವ ಸ್ವಿಚ್ಚನ್ನು ಅನುಭವಸ್ಥ ಕೆಲಸಗಾರರಿಂದ ಹಾಕಿಸಿರಿ. ಬಚ್ಚಲಿನ ಬಾಗಿಲಿಗೆ ಹೊರಗಿನಿಂದಲೂ ತೆಗೆಯಬಹುದಾದ ಚಿಲಕವಿರಲಿ.

ಅಡುಗೆ ಅನಿಲಕ್ಕೆ ಸೋರಿಕೆ ತಿಳಿಯಲೆಂದೇ ನಾತದ ದ್ರವ್ಯವನ್ನು ಬೆರೆಸಿರುತ್ತಾರೆ. ಆದರೆ ವಯಸ್ಸಿನೊಡನೆ ಘ್ರಾಣಶಕ್ತಿಯೂ ಕುಂದುವುದರಿಂದ ವೃದ್ಧರಿಗೆ ಆ ವಾಸನೆ ಹತ್ತದಿರಬಹುದು. ಅಡುಗೆ ಮುಗಿದೊಡನೆ ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚುವುದೇ ಇದಕ್ಕೆ ಸುಲಭ ಉಪಾಯ. ಸೋರಿದಾಗ ದೀಪದ ಸ್ವಿಚ್ಚನ್ನು ಮುಟ್ಟದೆ ಕಿಟಕಿ ಬಾಗಿಲುಗಳನ್ನು ತೆರೆದು, ಹೊರಗೆ ಬಂದು ಕರೆಮಾಡಬೇಕು. ಸಿಲಿಂಡರಿನ ಅನಿಲ ಸೋರಿಕೆಗೆ 1906 ಸಂಖ್ಯೆಯುಂಟು; ಪುಣೆಯ ಅನೇಕ ಬಡಾವಣೆಗಳಲ್ಲಿರುವ ಕೊಳವೆ ಅನಿಲಕ್ಕೆ ಬಿಲ್ಲಿನ ಮೇಲೆ ಮುದ್ರಿಸಿದ ತುರ್ತು ಸಂಖ್ಯೆಯನ್ನು ಬರೆದಿಡಬೇಕು. ಮರೆವು ಹೆಚ್ಚಿದವರಿಗೆ ಹೊತ್ತು ಮುಗಿದೊಡನೆ ತಾನಾಗಿ ಆರುವ ಇಂಡಕ್ಷನ್ ಒಲೆ ಅನುಕೂಲ. ಹೃದಯದಲ್ಲಿ ಪೇಸ್‌ಮೇಕರ್ ಇರುವವರು ಅದನ್ನು ಬಳಸುವ ಮೊದಲು ವೈದ್ಯರನ್ನು ಕೇಳಬೇಕು.

ಗಡಿಯಾರ, ಡಬ್ಬಿ, ದಿನದರ್ಶಿಕೆ

ನಾಲ್ಕೈದು ಬಗೆಯ ಮಾತ್ರೆಗಳನ್ನು ನುಂಗುವವರಲ್ಲಿ ಮರೆತು ಬಿಡುವುದು ಒಂದು ದೋಷ. ಮರೆತು ಎರಡನೆಯ ಸಲ ನುಂಗುವುದು ಅದಕ್ಕಿಂತ ಘೋರವಾದ ದೋಷ. ವಾರದ ಏಳು ದಿನಗಳಿಗೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮನೆಗಳುಳ್ಳ ಡಬ್ಬಿಯನ್ನು ಭಾನುವಾರ ತುಂಬಿಟ್ಟರೆ, ಮನೆ ಖಾಲಿಯಾಗಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಕೆಲವು ಮಾತ್ರೆಗಳನ್ನು ಹೊದಿಕೆಯಿಂದ ಬಿಡಿಸಿಡಬಾರದು. ಔಷಧದ ಅಂಗಡಿಯವರನ್ನು ವಿಚಾರಿಸಿಕೊಳ್ಳಿರಿ. ಫೋನಿನ ಅಲಾರಮಿಗೆ ಗಂಟೆಯ ಬದಲು ಮೊಮ್ಮಗಳ ದನಿಯಲ್ಲಿ ‘ಅಜ್ಜೀ, ಮಾತ್ರೆ’ ಎಂದು ಮುದ್ರಿಸಿಟ್ಟರೆ ಅದನ್ನು ಯಾವ ಅಜ್ಜಿಯೂ ಅಲಕ್ಷಿಸಳು.

ರಕ್ತದೊತ್ತಡ ಅಳೆಯುವ ವಿದ್ಯುನ್ಮಾನ ಉಪಕರಣ ಈಗ ಅನೇಕ ಮನೆಗಳಲ್ಲಿದೆ. ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ, ಚಹಾ, ತಂಬಾಕು ಬೇಡ. ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೂರಿ ಸುಮ್ಮನೆ ಕೂತು, ತೋಳನ್ನು ಹೃದಯದ ಮಟ್ಟಕ್ಕೆ ಇರಿಸಿ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಬೇಕು. ಎದ್ದೊಡನೆ ತಲೆ ತಿರುಗುವವರಲ್ಲಿ ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಒಂದು ಮತ್ತು ಮೂರು ನಿಮಿಷಗಳಿಗೆ ಇನ್ನೊಮ್ಮೆ ಅಳೆಯಬೇಕು; ಮೇಲಿನ ಅಂಕಿ 20ರಷ್ಟು ಇಳಿದರೆ ಅದನ್ನು ವೈದ್ಯರಿಗೆ ತಿಳಿಸಬೇಕು. ಎಷ್ಟೋ ಬೀಳುವಿಕೆಗಳ ಮೂಲ ಇಲ್ಲಿದೆ. ಅಂಕಿಗಳನ್ನು ಗೋಡೆಯ ದಿನದರ್ಶಿಕೆಯ ಚೌಕದಲ್ಲಿಯೇ ಬರೆಯಿರಿ. 1973ರಿಂದ ಹೊರಬರುತ್ತಿರುವ ಕಾಲನಿರ್ಣಯದಂಥ ದಿನದರ್ಶಿಕೆ ಪುಣೆಯಲ್ಲಿ ಇಲ್ಲದ ಮನೆ ವಿರಳ. ತಿಂಗಳ ಕೊನೆಗೆ ಆ ಹಾಳೆಯ ಒಂದು ಚಿತ್ರವನ್ನು ಫೋನಿನಲ್ಲಿ ತೆಗೆದು ವೈದ್ಯರಿಗೆ ತೋರಿಸಬಹುದು. ಆದರೆ ಅಂಕಿಗಳನ್ನು ನೋಡಿ ಔಷಧವನ್ನು ನಾವೇ ಹೆಚ್ಚು ಕಡಿಮೆ ಮಾಡುವುದು ಸಲ್ಲದು.

ಮಧುಮೇಹಿಗಳಲ್ಲಿ ಸಕ್ಕರೆಯ ಅಂಕಿ 70ಕ್ಕಿಂತ ಕೆಳಗಿಳಿದರೆ, ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಚಹಾಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಕಾಲು ಗಂಟೆಯ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೆ ಆಂಬ್ಯುಲೆನ್ಸಿಗೆ ಕರೆಮಾಡಬೇಕು.

ಆಪತ್ಕಾಲ

ಲಕ್ವ ಹೊಡೆದಾಗ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ವಿಡಿಯೋ ಕರೆಯಲ್ಲಿ ಮಾತು ತೊದಲಿದಂತೆ ಕಂಡರೆ ‘ಒಮ್ಮೆ ನಗು ಅಮ್ಮ’ ಎನ್ನಿರಿ; ‘ಎರಡೂ ಕೈ ಎತ್ತು’ ಎನ್ನಿರಿ. ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಕೆಳಗೆ ಜಾರಿದರೆ, ನಾಳೆ ನೋಡೋಣವೆನ್ನಬಾರದು. ಗಡಿಯಾರ ನೋಡಿ ವೇಳೆಯನ್ನು ಗುರುತಿಸಿಕೊಂಡು ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಮಾಡಬೇಕು.

ಇಲ್ಲಿ ಹೊರನಾಡಿನ ನಾವು ಅವಶ್ಯವಾಗಿ ಅರಿಯಬೇಕಾದ ಅಂಶವೊಂದಿದೆ. 108ರ ಆಂಬ್ಯುಲೆನ್ಸ್ ಸೇವೆ ಕರ್ನಾಟಕದಲ್ಲಿ 2008ರಲ್ಲಿಯೂ ಮಹಾರಾಷ್ಟ್ರದಲ್ಲಿ 2014ರಲ್ಲಿಯೂ ಆರಂಭವಾಯಿತು. ಸಂಖ್ಯೆ ಒಂದೇ ಆದರೂ ಕೇಂದ್ರಗಳು ಬೇರೆಬೇರೆ. ಪುಣೆಯಿಂದ 108 ಒತ್ತಿದರೆ ಕರೆ ಮಹಾರಾಷ್ಟ್ರದ ಕೇಂದ್ರಕ್ಕೆ ಹೋಗುತ್ತದೆಯೇ ಹೊರತು ಧಾರವಾಡದ ಮನೆಗೆ ಅದರಿಂದ ಗಾಡಿ ಹೋಗದು. ಆದುದರಿಂದ ಊರಿನ ನೆರೆಯವರ, ಹತ್ತಿರದ ಆಸ್ಪತ್ರೆಯ, ಪರಿಚಿತ ಆಟೋರಿಕ್ಷಾದವರ ನೇರ ಸಂಖ್ಯೆಗಳು ನಮ್ಮ ಕೈಯಲ್ಲಿರಬೇಕು.

ಪುಣೆಯಲ್ಲಿಯೇ ಇರುವ ಹಿರಿಯರಿಗಾಗಿ ಒಂದು ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರಿ. ಅದರಲ್ಲಿ ಹೆಸರು, ವಯಸ್ಸು, ರೋಗಗಳು, ನುಂಗುವ ಔಷಧಗಳು, ಒಗ್ಗದ ಔಷಧಗಳು, ಮಕ್ಕಳ ಫೋನುಗಳು ಹಾಗೂ ಮನೆಯ ಪೂರ್ಣ ವಿಳಾಸ ಇರಲಿ. ಅದನ್ನು ಕನ್ನಡದಲ್ಲಿ ಅವರಿಗಾಗಿ, ಮರಾಠಿಯಲ್ಲಿ ನೆರೆಯವರಿಗೂ ಕಾವಲುಗಾರನಿಗೂ ಆಗಿ, ಇಂಗ್ಲಿಷಿನಲ್ಲಿ ವೈದ್ಯರಿಗಾಗಿ ಬರೆಯಿರಿ. ಕಷ್ಟದಲ್ಲಿರುವ ಮನುಷ್ಯನಿಗೆ ಮೊದಲು ಕೈಕೊಡುವುದು ಪರಭಾಷೆ. ನೋವನ್ನು ತಾಯ್ನುಡಿಯಲ್ಲಲ್ಲದೆ ಹೇಳಲು ಬಾರದವರು ನಮ್ಮಲ್ಲಿ ಎಷ್ಟೋ ಮಂದಿ. ‘ಎದೆ ನೋಯುತ್ತಿದೆ’, ‘ಬಿದ್ದಿದ್ದೇನೆ’, ‘ಮಗನಿಗೆ ಫೋನು ಮಾಡಿ’ ಎಂಬ ಮೂರು ಮಾತುಗಳನ್ನು ಮರಾಠಿಯಲ್ಲಿ ಬಾಯಿಪಾಠ ಮಾಡಿಸುವುದು ಪ್ರಯೋಜನಕರ. ಹಿರಿಯ ನಾಗರಿಕರ ಸಲಹೆ ಸಹಾಯಗಳಿಗಾಗಿ 14567 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಉಂಟು.

ಎಚ್ಚರಿಕೆಯ ಮಾತು

ಫೋನು ಬಂದ ದಾರಿಯಲ್ಲಿಯೇ ಕಳ್ಳನೂ ಬರುತ್ತಾನೆ. ಪೊಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವ ವಂಚಕರಿಗೆ ವೃದ್ಧರೇ ಸುಲಭದ ಬೇಟೆ. ಅಂಥ ಬಂಧನ ನಮ್ಮ ಕಾನೂನಿನಲ್ಲಿಯೇ ಇಲ್ಲ. ಓಟಿಪಿಯನ್ನು ಯಾರಿಗೂ ಹೇಳಬಾರದು. ಹಣದ ಮಾತು ಬಂದೊಡನೆ ಕರೆ ಕಡಿದು ಮಕ್ಕಳಿಗೆ ತಿಳಿಸಬೇಕು. ಮೋಸಹೋದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ಮೋಸಹೋದವರನ್ನು ಗದರಿಸಿದರೆ ಮುಂದಿನ ಸಲ ಅವರು ನಮಗೆ ಹೇಳುವುದೇ ಇಲ್ಲ.

ಇನ್ನು ಮನೆಯೊಳಗಿನ ಕ್ಯಾಮರಾ. ದೂರದಿಂದ ನೋಡುವ ಅನುಕೂಲ ನಮ್ಮದು, ಸದಾ ನೋಡಿಸಿಕೊಳ್ಳುವ ಸಂಕೋಚ ಅವರದು. ಬಾಗಿಲ ಬಳಿಯೋ ನಡುಮನೆಯಲ್ಲಿಯೋ ಅವರ ಸಮ್ಮತಿಯಿಂದ ಇಡಬಹುದು. ಮಲಗುವ ಕೋಣೆಯಲ್ಲಿ, ಬಚ್ಚಲಿನಲ್ಲಿ ಸರ್ವಥಾ ಸಲ್ಲದು. ಅವರು ಬೇಡವೆಂದರೆ ಬೇಡ. ನಮ್ಮನ್ನು ಸಾಕಿ ಸಲಹಿದವರು ನಮ್ಮ ಕಾವಲಿನ ಕೈದಿಗಳಲ್ಲ. 2007ರ ಕಾಯಿದೆಯು ತಾಯಿತಂದೆಗಳ ಪೋಷಣೆಯನ್ನು ಮಕ್ಕಳ ಕರ್ತವ್ಯವನ್ನಾಗಿ ವಿಧಿಸಿದೆ; ಅವರ ಮರ್ಯಾದೆಯನ್ನು ಕಾಯುವುದು ಕಾಯಿದೆ ಹೇಳದಿದ್ದರೂ ನಮ್ಮ ಕರ್ತವ್ಯವೇ.

ಕಡೆಯದಾಗಿ ಒಂದು ಮಾತು. ಈ ಸಲಕರಣೆಗಳೆಲ್ಲ ನಮ್ಮ ಕೈಗಳನ್ನು ಉದ್ದಮಾಡುವ ಸಾಧನಗಳೇ ಹೊರತು ನಮ್ಮ ಬದಲು ನಿಲ್ಲುವ ಮಕ್ಕಳಲ್ಲ. ನಾವು ದಿನಕ್ಕೊಮ್ಮೆ ಆಡುವ ಮಾತಿನಲ್ಲಿ ಔಷಧದ ವಿಚಾರಣೆಯ ಜೊತೆಗೆ ಅಂಗಳದ ಮಾವಿನ ಮರದ, ಊರ ಜಾತ್ರೆಯ ಸುದ್ದಿಯೂ ಇರಲಿ. ಈ ವಾರ್ಷಿಕ ಸಂಚಿಕೆಯನ್ನು ಓದಿ ಕೆಳಗಿಟ್ಟ ಕೂಡಲೆ ವಾಚಕರು ಒಂದು ಕೆಲಸವನ್ನಾದರೂ ಕೈಗೊಳ್ಳಲಿ: ಫ್ರಿಜ್ಜಿನ ಮೇಲಿನ ಆ ಹಾಳೆಯನ್ನು ಇಂದೇ ಬರೆಯಲಿ, ಮುಂದಿನ ಸಲ ಊರಿಗೆ ಹೋದಾಗ ಹಾಸಿಗೆಯಿಂದ ಬಚ್ಚಲಿನವರೆಗೆ ದೀಪವನ್ನಾರಿಸಿ ಒಮ್ಮೆ ತಾವೇ ನಡೆದು ನೋಡಲಿ. ಏನು ಬೇಕೆಂಬುದನ್ನು ಆ ಕತ್ತಲೆಯೇ ತಿಳಿಸಿಕೊಡುವುದು.