ನರ್ಸಿಂಗ್ ಓದಲು ಎಷ್ಟು ಲೆಕ್ಕ ಬರಬೇಕು?

“ಎಸ್ಸೆಸ್ಸೆಲ್ಸಿಯಲ್ಲೇ ಲೆಕ್ಕ ಅಂದರೆ ಎದೆ ಢವಗುಟ್ಟುತ್ತಿತ್ತು. ಪಿಯುಸಿಯಲ್ಲಿ ಬಿಟ್ಟೇಬಿಟ್ಟೆ. ಈಗ ನರ್ಸಿಂಗ್ ಸೇರಿದರೆ ಆಗುತ್ತಾ?” ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಕಾಡುವ ಪ್ರಶ್ನೆ ಇದು.

ಖಂಡಿತ ಆಗುತ್ತದೆ. ಜಿಎನ್‌ಎಂ ಡಿಪ್ಲೊಮಾ ಆಗಲಿ, ಬಿ.ಎಸ್ಸಿ. ನರ್ಸಿಂಗ್ ಆಗಲಿ, ಪಿಯುಸಿಯಲ್ಲಿ ಗಣಿತ ಓದಿರಲೇಬೇಕೆಂಬ ನಿಯಮವಿಲ್ಲ. ವಾರ್ಡಿನಲ್ಲಿ ದಿನವೂ ಬೇಕಾಗುವುದು ಏಳನೇ ತರಗತಿಯ ಲೆಕ್ಕ: ಗುಣಾಕಾರ, ಭಾಗಾಕಾರ, ದಶಮಾಂಶ, ಶೇಕಡಾ, ಅನುಪಾತ. ವ್ಯತ್ಯಾಸ ಒಂದೇ. ಶಾಲೆಯಲ್ಲಿ ನೂರಕ್ಕೆ 35 ಬಂದರೆ ಪಾಸು ಎಂದು ಬೆಳೆದವರು ನಾವು. ರೋಗಿಯ ಹಾಸಿಗೆಯ ಪಕ್ಕದಲ್ಲಿ ನೂರಕ್ಕೆ ನೂರೇ ಬರಬೇಕು. ಅದಕ್ಕೆ ಜಾಣತನಕ್ಕಿಂತ ರೂಢಿ ಮುಖ್ಯ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ದಿನಕ್ಕೆ ಅರ್ಧ ಗಂಟೆ ಕೊಡಿ.

ಹಂತ 1: ಚುಕ್ಕಿಗೆ ಮರ್ಯಾದೆ ಕೊಡಿ

ಮೊದಲು 12ರವರೆಗಿನ ಮಗ್ಗಿ ಬಾಯಿಗೆ ಬರಲಿ. ಆಮೇಲೆ ದಶಮಾಂಶ. ಅರ್ಧ ಮಿಲಿಗ್ರಾಂ ಬರೆಯುವಾಗ ಚುಕ್ಕಿಗೆ ಮೊದಲು ಸೊನ್ನೆ ಇರಲೇಬೇಕು: 0.5. ಬರೀ .5 ಎಂದು ಬರೆದರೆ ಚುಕ್ಕಿ ಕಾಣದೆ 5 ಆಗುತ್ತದೆ. ಐದನ್ನು 5.0 ಎಂದು ಬರೆದರೆ 50 ಎಂದು ಓದಿಬಿಡುವ ಅಪಾಯವಿದೆ. ಅಲ್ಲಿ ಬರೀ 5 ಸಾಕು. ಒಂದು ಚುಕ್ಕಿ ತಪ್ಪಿದರೆ ಔಷಧಿ ಹತ್ತು ಪಟ್ಟು.

ಹಂತ 2: ಅಳತೆಗಳನ್ನು ಬದಲಾಯಿಸಿ

ಗೂಡು ಮಾರುಕಟ್ಟೆಯ ಚೀಟಿಯಲ್ಲಿ 42.350 ಕಿಲೋ ಎಂದರೆ 42 ಕಿಲೋ 350 ಗ್ರಾಂ ಎಂದು ರೇಷ್ಮೆ ಬೆಳೆಯುವ ಮನೆಯವರಿಗೆ ಹೇಳಿಕೊಡಬೇಕಿಲ್ಲ. ಅದೇ ಸಾವಿರದ ಮೆಟ್ಟಿಲನ್ನು ಕೆಳಗಿಳಿಸಿ: 1 ಗ್ರಾಂ ಅಂದರೆ 1000 ಮಿಲಿಗ್ರಾಂ, 1 ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಲೆಕ್ಕ ಶುರು ಮಾಡುವ ಮುನ್ನ ಎಲ್ಲವನ್ನೂ ಒಂದೇ ಅಳತೆಗೆ ತನ್ನಿ.

ಹಂತ 3: ತ್ರೈರಾಶಿ ಕಲಿಯಿರಿ

“ಇಷ್ಟಕ್ಕೆ ಇಷ್ಟಾದರೆ, ಅಷ್ಟಕ್ಕೆ ಎಷ್ಟು?” ಔಷಧಿಯ ಪ್ರಮಾಣವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಬೇಕಾದ ಪ್ರಮಾಣವನ್ನು ಇರುವ ಪ್ರಮಾಣದಿಂದ ಭಾಗಿಸಿ, ಅದು ಎಷ್ಟು ಮಿ.ಲೀ.ನಲ್ಲಿದೆಯೋ ಅದರಿಂದ ಗುಣಿಸಿ.

12 ಕಿಲೋ ತೂಕದ ಮಗುವಿಗೆ ಜ್ವರ. ವೈದ್ಯರು ಕಿಲೋಗೆ 15 ಮಿ.ಗ್ರಾಂ.ನಂತೆ ಪ್ಯಾರಾಸಿಟಮಾಲ್ ಬರೆದಿದ್ದಾರೆ. 12 × 15 = 180 ಮಿ.ಗ್ರಾಂ. ಸಿರಪ್ಪಿನ 5 ಮಿ.ಲೀ.ನಲ್ಲಿ 250 ಮಿ.ಗ್ರಾಂ. ಇದ್ದರೆ, 180 ÷ 250 × 5 = 3.6 ಮಿ.ಲೀ. ಅದೇ ಔಷಧಿ 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವ ಬಾಟಲಿಯಲ್ಲೂ ಬರುತ್ತದೆ, ಅದಾದರೆ 7.2 ಮಿ.ಲೀ. ಮಗು ಅದೇ, ಔಷಧಿಯ ಹೆಸರೂ ಅದೇ, ಉತ್ತರ ಮಾತ್ರ ಎರಡು ಪಟ್ಟು. ಲೇಬಲ್ ಓದದೆ ಪೆನ್ನು ಹಿಡಿಯಬೇಡಿ.

ಹಂತ 4: ಶೇಕಡಾವನ್ನು ಹುಳುಮನೆಯಿಂದ ಕಲಿಯಿರಿ

ಹೊಸ ಬೆಳೆಗೆ ಮುಂಚೆ ರೇಷ್ಮೆ ಹುಳುಮನೆ ಶುದ್ಧಿ ಮಾಡಲು ಶೇ. 2ರ ಬ್ಲೀಚಿಂಗ್ ಪೌಡರ್, ಶೇ. 0.3ರ ಅರಳಿದ ಸುಣ್ಣದ ದ್ರಾವಣ ಸಿಂಪಡಿಸುತ್ತಾರೆ. ಅಂದರೆ 10 ಲೀಟರ್ ನೀರಿಗೆ 200 ಗ್ರಾಂ ಪೌಡರ್, 30 ಗ್ರಾಂ ಸುಣ್ಣ. ಇಂಥ ದ್ರಾವಣಗಳಲ್ಲಿ ಶೇಕಡಾ ಎಂದರೆ 100 ಮಿ.ಲೀ.ಗೆ ಎಷ್ಟು ಗ್ರಾಂ ಎಂದಷ್ಟೇ. ಆಸ್ಪತ್ರೆಯ ನಾರ್ಮಲ್ ಸಲೈನ್ ಶೇ. 0.9; 500 ಮಿ.ಲೀ. ಬಾಟಲಿಯಲ್ಲಿ 4.5 ಗ್ರಾಂ ಉಪ್ಪು. ಶೇ. 5ರ ಡೆಕ್ಸ್‌ಟ್ರೋಸ್ ಆದರೆ ಅಷ್ಟೇ ಬಾಟಲಿಯಲ್ಲಿ 25 ಗ್ರಾಂ.

ಹಂತ 5: ಡ್ರಿಪ್‌ನ ಹನಿ ಎಣಿಸಿ

500 ಮಿ.ಲೀ. ಸಲೈನ್ 8 ಗಂಟೆಯಲ್ಲಿ ಹೋಗಬೇಕು. ಡ್ರಿಪ್ ಸೆಟ್ಟಿನ ಕವರ್ ನೋಡಿ, 1 ಮಿ.ಲೀ.ಗೆ 20 ಹನಿ ಎಂದಿದೆ ಎನ್ನೋಣ. 8 ಗಂಟೆ ಅಂದರೆ 480 ನಿಮಿಷ. 500 × 20 ÷ 480 = 20.8, ಅಂದರೆ ನಿಮಿಷಕ್ಕೆ 21 ಹನಿ. ಗಡಿಯಾರ ಹಿಡಿದು 15 ಸೆಕೆಂಡಿಗೆ ಸುಮಾರು 5 ಹನಿ ಬೀಳುತ್ತಿದೆಯೇ ನೋಡಿ, ಆಮೇಲೆ ಪೂರ್ತಿ ನಿಮಿಷ ಎಣಿಸಿ. ಮಕ್ಕಳಿಗೆ ಬಳಸುವ ಮೈಕ್ರೋ ಸೆಟ್ಟಿನಲ್ಲಿ 1 ಮಿ.ಲೀ.ಗೆ 60 ಹನಿ. ಅಲ್ಲಿ ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ.

ಹಂತ 6: ಇನ್ಸುಲಿನ್ ಮುಂದೆ ಒಂದು ಕ್ಷಣ ನಿಲ್ಲಿ

ನಮ್ಮಲ್ಲಿ 1 ಮಿ.ಲೀ.ಗೆ 40 ಯೂನಿಟ್ ಇರುವ ಇನ್ಸುಲಿನ್ನೂ ಇದೆ, 100 ಯೂನಿಟ್‌ನದೂ ಇದೆ. ಎರಡಕ್ಕೂ ಬೇರೆ ಬೇರೆ ಸಿರಿಂಜು: ಸಾಮಾನ್ಯವಾಗಿ 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ್ದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 50 ಯೂನಿಟ್. ಸಕ್ಕರೆ ಕುಸಿದು ರೋಗಿಯ ಪ್ರಾಣಕ್ಕೇ ಕುತ್ತು. ಬಣ್ಣವನ್ನಷ್ಟೇ ನಂಬದೆ ವಯಲ್ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡನ್ನೂ ಜೋರಾಗಿ ಓದಿ.

ಹಂತ 7: ಅಂದಾಜು ಮಾಡಿ, ತೋರಿಸಿ

ಲೆಕ್ಕಕ್ಕೆ ಮುಂಚೆಯೇ ಉತ್ತರ ಎಷ್ಟರ ಹತ್ತಿರ ಬರಬಹುದೆಂದು ಊಹಿಸಿ. ಒಬ್ಬರಿಗೆ ಒಂದು ಸಲಕ್ಕೆ ಎಂಟು ಮಾತ್ರೆ ಎಂದು ಬಂದರೆ ಅಲ್ಲೇ ನಿಲ್ಲಿಸಿ, ಮತ್ತೆ ಮಾಡಿ. ಆಮೇಲೆ “ಸಿಸ್ಟರ್, ಈ ಲೆಕ್ಕ ಒಂಚೂರು ನೋಡ್ತೀರಾ?” ಎಂದು ಕೇಳಿ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ವರ್ಷಗಟ್ಟಲೆ ಅನುಭವವಿರುವವರೂ ಅಪಾಯದ ಔಷಧಿಗಳನ್ನು ಇನ್ನೊಬ್ಬರಿಗೆ ತೋರಿಸಿಯೇ ಕೊಡುತ್ತಾರೆ. ವಿದ್ಯಾರ್ಥಿಯಾಗಿರುವಷ್ಟು ದಿನ ನೀವೊಬ್ಬರೇ ಯಾವ ಔಷಧಿಯನ್ನೂ ಕೊಡಬೇಡಿ.

ಬಿ.ಎಸ್ಸಿ. ಓದುವವರಿಗೆ ಮುಂದೆ ಸಂಶೋಧನೆಯ ಜೊತೆ ಸಂಖ್ಯಾಶಾಸ್ತ್ರವೂ ಬರುತ್ತದೆ. ಸರಾಸರಿ, ಮಧ್ಯಾಂಕ, ಬಹುಲಕವನ್ನು ಹೈಸ್ಕೂಲಿನಲ್ಲೇ ಮಾಡಿದ್ದೀರಿ. ಉಳಿದದ್ದನ್ನು ತರಗತಿಯಲ್ಲಿ ಕಲಿಸುತ್ತಾರೆ. ಅದಕ್ಕೆ ಈಗಲೇ ಹೆದರಬೇಡಿ.

ಇವತ್ತೇ ಮಾಡಿ ನೋಡಿ

1. 1 ಲೀಟರ್ ಸಲೈನ್, 10 ಗಂಟೆ, 20 ಹನಿಯ ಸೆಟ್. ನಿಮಿಷಕ್ಕೆ ಎಷ್ಟು ಹನಿ?
2. 0.25 ಮಿ.ಗ್ರಾಂ. ಅಂದರೆ ಎಷ್ಟು ಮೈಕ್ರೋಗ್ರಾಂ?
3. 10 ಕಿಲೋ ಮಗುವಿಗೆ ಕಿಲೋಗೆ 15 ಮಿ.ಗ್ರಾಂ.; ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂ. ಎಷ್ಟು ಮಿ.ಲೀ.?

ಉತ್ತರ: 33 ಹನಿ, 250 ಮೈಕ್ರೋಗ್ರಾಂ, 6 ಮಿ.ಲೀ.

ಮೂರರಲ್ಲಿ ಎರಡು ಸರಿಯಾದರೆ ಸಂತೋಷ, ಆದರೆ ಅಲ್ಲಿಗೇ ಬಿಡಬೇಡಿ. ಹುಳುಮನೆಗೆ ಔಷಧಿ ಬೆರೆಸುವ ಅಮ್ಮ ಪುಡಿಯನ್ನು ಕಣ್ಣಳತೆಯಲ್ಲಿ ಸುರಿಯದೆ ತಕ್ಕಡಿ ಕೇಳುತ್ತಾರೆ. ಒಂದು ಬೆಳೆ ಹೋದರೆ ಏನಾಗುತ್ತದೆಂದು ಅವರಿಗೆ ಗೊತ್ತು. ನಿಮ್ಮ ಕೈಯಲ್ಲಿರುವ ಸಿರಿಂಜಿಗೂ ಅದೇ ಎಚ್ಚರ ಬೇಕು. ತಪ್ಪಿದ ಆ ಒಂದು ಲೆಕ್ಕವನ್ನು ಇವತ್ತು ಮಲಗುವ ಮುಂಚೆ ಇನ್ನೊಮ್ಮೆ ಮಾಡಿ.