ಜಗಲಿಯ ಮೇಲಿನ ಪಾಠಶಾಲೆ

ಚೆನ್ನೈಯಿಂದ ದಕ್ಷಿಣಕ್ಕೆ ಕಡಲ ಬದಿಯ ಹಾದಿಯಲ್ಲಿ ಸುಮಾರು ೨೫ ಕಿಲೋಮೀಟರು ಸಾಗಿದರೆ ಮುಟ್ಟುಕಾಡು ದೊರೆಯುತ್ತದೆ. ಅಲ್ಲಿ ೧೯೯೬ರಲ್ಲಿ ತೆರೆದ ‘ದಕ್ಷಿಣಚಿತ್ರ’ ಎಂಬ ಸಂಗ್ರಹಾಲಯದಲ್ಲಿ ದಕ್ಷಿಣದೇಶದ ಹಳೆಯ ಮನೆಗಳನ್ನು ಕಾಣಬಹುದು. ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ಕೊಂಡು, ಕಂಬ, ತೊಲೆ, ಬಾಗಿಲುಗಳನ್ನು ಒಂದೊಂದಾಗಿ ಬಿಡಿಸಿ ತಂದು, ಸಂಪ್ರದಾಯವನ್ನು ಬಲ್ಲ ಸ್ಥಪತಿಗಳ ಕೈಯಿಂದ ಮರಳಿ ಜೋಡಿಸಿದ ಕಟ್ಟಡಗಳು ಇಲ್ಲಿವೆ. ನಮ್ಮ ನಾಡಿನ ಪಾಲಿಗೆ ಇಳಕಲ್ಲಿನ ನೇಕಾರರ ಮನೆಯೂ ಉಂಟು. ಹಳ್ಳಿಯ ಹಳೆಯ ಶಾಲೆಯನ್ನು ಅರಸುವವರು ಮಾತ್ರ ಚೆಟ್ಟಿನಾಡಿನ ವರ್ತಕರ ಮನೆಯ ಮುಂದೆ ನಿಂತು ಅದರ ಜಗಲಿಯನ್ನು ನೋಡಬೇಕು.

ಏಕೆಂದರೆ ಹಿಂದೆ ಹಳ್ಳಿಗಳಲ್ಲಿ ಶಾಲೆಗೆಂದೇ ಕಟ್ಟಡವಿರುವುದು ಅಪರೂಪ. ಸ್ಥಿತಿವಂತರ ಮನೆಯ ಜಗಲಿಯೋ ಗುಡಿಯ ಮಂಟಪವೋ ಗುರುಗಳ ಪಡಸಾಲೆಯೋ ಪಾಠಶಾಲೆಯಾಗುತ್ತಿತ್ತು. ತಮಿಳರು ಅದನ್ನು ತಿಣ್ಣೈ ಪಳ್ಳಿಕ್ಕೂಡವೆಂದರು, ನಮ್ಮವರು ಕೂಲಿಮಠವೆಂದರು.

ಆ ಜಗಲಿಯ ಮೇಲೆ ಏನು ನಡೆಯುತ್ತಿತ್ತು? ಮದರಾಸಿನ ಗವರ್ನರ್ ಥಾಮಸ್ ಮನ್ರೋ ೧೮೨೨ರಲ್ಲಿ ಪ್ರಾಂತದ ಶಾಲೆಗಳ ಲೆಕ್ಕವನ್ನು ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ ಮರುವರ್ಷ ಬರೆದ ಉತ್ತರದಲ್ಲಿ ಇದರ ಚಿತ್ರವಿದೆ. ಬೆಳಗ್ಗೆ ಆರು ಗಂಟೆಗೆ ಶಾಲೆ. ಮೊದಲು ಬಂದವನ ಅಂಗೈಯಲ್ಲಿ ‘ಸರಸ್ವತಿ’ ಎಂಬ ಹೆಸರು, ಎರಡನೆಯವನಿಗೆ ಒಂದು ಸೊನ್ನೆ. ಮೂರನೆಯವನಿಗೆ ಒಂದು ಮೆಲುಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಏರಿಕೆ. ಇಪ್ಪತ್ತನೆಯವನ ಗತಿಯನ್ನು ವಾಚಕಮಿತ್ರರೇ ಲೆಕ್ಕಹಾಕಲಿ! ಎಳೆಯರು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಬಳಿಕ ಇದ್ದಿಲು ಬಳಿದ ಹಲಗೆ. ಅದಲ್ಲದೆ ಗಂಜಿ ಹಾಕಿ ಬಿರುಸುಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಅಂಟುಗಳನ್ನು ಸವರಿದ ಬಟ್ಟೆಯ ಕಡತ. ಬರೆಯಲು ಬಳಪ, ಅಳಿಸಲು ಒದ್ದೆ ಬಟ್ಟೆ. ಕಡತವೆಂದರೆ ಕಚೇರಿಯ ಕಾಗದಗಳ ಕಟ್ಟೆಂದಷ್ಟೇ ತಿಳಿದಿರುವ ನಮಗೆ, ಅದು ಒಮ್ಮೆ ಶಾಲೆಯ ಮಕ್ಕಳ ಕೈಯಲ್ಲಿದ್ದುದು ಸೋಜಿಗವೇ ಸರಿ.

ಮುಂದುವರಿದ ಹುಡುಗರು ಹಿಂದುಳಿದವರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಬೆಲ್ ಬಹುವಾಗಿ ಮೆಚ್ಚಿದನು. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂಬುದು ಅವನ ಅಭಿಪ್ರಾಯ. ಆ ಅನುಕರಣಕ್ಕೆ ಕಾರಣನಾದವನು ಆಂಡ್ರೂ ಬೆಲ್. ಅವನು ೧೭೮೯ರಿಂದ ಇದೇ ನಗರದ ಎಗ್ಮೋರಿನ ಅನಾಥಬಾಲಕರ ಶಾಲೆಯನ್ನು ನಡೆಸುತ್ತಿದ್ದಾಗ, ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನಲ್ಲಿಯೂ ಆಚರಣೆಗೆ ತಂದನು. ಮರಳಿ ಹೋಗಿ ೧೭೯೭ರಲ್ಲಿ ಆ ವಿಷಯವಾಗಿ ಪುಸ್ತಕವನ್ನೂ ಅಚ್ಚುಹಾಕಿಸಿದನು. ಆ ಕ್ರಮಕ್ಕೆ ಅಲ್ಲಿ ‘ಮದರಾಸು ಪದ್ಧತಿ’ ಎಂದೇ ಹೆಸರಾಯಿತು.

ಹಾಗೆಂದು ಆ ಕಾಲವನ್ನು ಸ್ವರ್ಗವೆಂದು ನಾವು ಹೇಳಲಾರೆವು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರದ ಸೀಮೆಯೂ ಸೇರಿತ್ತು. ಅಲ್ಲಿದ್ದ ೫೩೩ ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು; ಓದುತ್ತಿದ್ದವರು ೬,೬೪೧ ಮಂದಿ. ಅವರಲ್ಲಿ ಹೆಣ್ಣುಮಕ್ಕಳು ಕೇವಲ ೬೦! ಪಾಠವೂ ಬಹುಪಾಲು ಅರ್ಥವರಿಯದ ಬಾಯಿಪಾಠವೆಂದು ಕ್ಯಾಂಬೆಲ್ ದೂರಿದ್ದಾನೆ.

ಅವನ ಪತ್ರದಲ್ಲಿ ನಮ್ಮನ್ನು ಹೆಚ್ಚು ಕಾಡುವ ಮಾತು ಬೇರೊಂದುಂಟು. ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಶಾಲೆಯೇ ಇಲ್ಲ. ದೊಡ್ಡ ಶಾಲೆಗಳಿದ್ದಲ್ಲಿ ಸಿರಿವಂತರ ಕೆಲವೇ ಮಕ್ಕಳು ಉಳಿದಿದ್ದಾರೆ. ಕಾರಣ, ಜನರ ಬಡತನ. ಯೂರೋಪಿನ ಬಟ್ಟೆ ಬಂದು ಈ ದೇಶದ ಹತ್ತಿಯ ನೆಯ್ಗೆಯ ಸ್ಥಾನವನ್ನು ಹಿಡಿದುದರಿಂದ ಕಸಬಿನವರ ಆದಾಯ ಇಳಿದುಹೋಗಿತ್ತೆಂದು ಸರಕಾರದ ಅಧಿಕಾರಿಯೇ ಬರೆಯುತ್ತಾನೆ. ಮಗ್ಗ ನಿಂತಲ್ಲಿ ಗುರುವಿನ ಕಾಣಿಕೆಯೂ ನಿಂತಿತು, ಜಗಲಿ ಬರಿದಾಯಿತು. ಮುಟ್ಟುಕಾಡಿನಲ್ಲಿ ಇಳಕಲ್ಲಿನ ಮನೆಯನ್ನು ನೋಡುವಾಗ ಈ ಸಂಬಂಧವು ನೆನಪಿನಲ್ಲಿದ್ದರೆ, ನೇಕಾರರ ಮನೆಗೂ ಚೆಟ್ಟಿನಾಡಿನ ಜಗಲಿಗೂ ನಡುವಿನ ದಾರಿ ಅಷ್ಟು ದೂರವೆನಿಸದು.

ಬಳ್ಳಾರಿಯ ಕನ್ನಡ ತಾಲ್ಲೂಕುಗಳು ೧೯೫೩ರಲ್ಲಿ ಮೈಸೂರನ್ನು ಸೇರಿದವು. ಕ್ಯಾಂಬೆಲ್ಲನ ಪತ್ರವಾದರೋ ಮದರಾಸಿನ ದಫ್ತರದಲ್ಲಿಯೇ ಉಳಿಯಿತು. ಧರಂಪಾಲರು ಅಂಥ ಪತ್ರಗಳನ್ನು ಹುಡುಕಿ ತೆಗೆದು ೧೯೮೩ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಆ ದಾಖಲೆಗಳ ಭಂಡಾರವಿರುವುದು ಬೆಲ್ಲನ ಶಾಲೆಯಿದ್ದ ಎಗ್ಮೋರಿನಲ್ಲಿಯೇ.